ಮಂಜಿನ ಕತ್ತಿಗೆ ಕುಂಕುಮ

೧ ಅಕ್ಟೋಬರ್ ೨೦೨೫, ಬುಧವಾರ

ಆಯುಧ ಪೂಜೆ ಚೆನ್ನಾಗಿ ಆಯಿತು. ನಸುಕಿಗೇ ಕೋಯಂಬೇಡು ಮಾರುಕಟ್ಟೆಗೆ ಹೋಗಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆ ತಂದಿದ್ದೆ. ಗಿಂಡಿಯ ಕಾರ್ಖಾನೆಯಲ್ಲಿ ನನ್ನ ಅಳತೆಯ ಗೇಜುಗಳಿಗೆಲ್ಲ ಗಂಧ ಕುಂಕುಮ ಇಟ್ಟು, ಪುರಿ ಕಡಲೆ ಹಂಚಿ, ಹನ್ನೊಂದಕ್ಕೆಲ್ಲ ವೆಸ್ಟ್ ಮಾಂಬಲಂಗೆ ವಾಪಸ್ಸು. ಪೀಣ್ಯದಲ್ಲಿ ಹದಿನೇಳು ವರ್ಷ, ಇಲ್ಲಿ ಮದ್ರಾಸಿನಲ್ಲಿ ಆರು ವರ್ಷ, ಪಂಪಿನ ಬಿಡಿಭಾಗಗಳನ್ನು ಅಳೆದು ಇದು ಸರಿ, ಇದು ತಪ್ಪು ಎಂದು ಹೇಳಿಯೇ ಅನ್ನ ತಿಂದವನು ನಾನು. ವರ್ಷಕ್ಕೊಂದು ದಿನವಾದರೂ ಆ ಸಾಮಾನುಗಳಿಗೆ ಕೈ ಮುಗಿಯದಿದ್ದರೆ ಹೇಗೆ?

ಮನೆಯಲ್ಲಿ ಸ್ಕೂಟರು, ಈಳಿಗೆಮಣೆ, ಮಿಕ್ಸಿ, ಹೆಂಡತಿ ಹರ್ಷಿಣಿಯ ಹೊಲಿಗೆ ಯಂತ್ರ, ಯಾವುದನ್ನೂ ಬಿಡಲಿಲ್ಲ. ಮಗಳು ತೇಜು ಗೆಳತಿಯ ಮನೆಗೆ ಹೋಗಿದ್ದಳು. ಅವಳ ಕೋಣೆಯ ಕಪಾಟಿನಲ್ಲಿ ಗೇಣುದ್ದದ ಜಪಾನಿ ಬೊಂಬೆಯೊಂದಿದೆ. ಸೊರಾಮೆ ಎಂದು ಹೆಸರಂತೆ, ಅನಿಮೆ ಎನ್ನುವ ಜಪಾನಿ ಕಾರ್ಟೂನು ಸರಣಿಯೊಂದರ ಹುಡುಗಿ. ಬೆಳ್ಳಿ ಕೂದಲು, ನೀಲಿ ನಿಲುವಂಗಿ, ಕೈಯಲ್ಲಿ ಮಂಜಿನಿಂದ ಮಾಡಿದ್ದೆಂದು ಹೇಳುವ ಬಿಳಿ ಕತ್ತಿ. ಕತ್ತಿ ಎಂದ ಮೇಲೆ ಅದೂ ಆಯುಧವೇ. ಕತ್ತಿಯ ಬುಡಕ್ಕೆ ಮೂರು ಬೊಟ್ಟು, ಹಣೆಗೆ ದಪ್ಪಗೆ ಒಂದು ಬೊಟ್ಟು, ಒದ್ದೆ ಗಂಧದ ಮೇಲೆ ಕುಂಕುಮ ಇಟ್ಟು ಒಂದು ಹೂವನ್ನೂ ಸಿಕ್ಕಿಸಿದೆ. ನೋಡಿ ಖುಷಿಪಡುತ್ತಾಳೆ.

೨ ಅಕ್ಟೋಬರ್, ಗುರುವಾರ

ಖುಷಿಪಡಲಿಲ್ಲ.

ನಿನ್ನೆ ಬಂದವಳು ಸುಸ್ತಾಗಿ ಮಲಗಿದ್ದಳು. ಇವತ್ತು ಬೆಳಿಗ್ಗೆ ನೋಡಿದ್ದಾಳೆ. ನಾನು ಕಾಫಿ ಕುಡಿಯುತ್ತಿದ್ದೆ. ಬೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಿಂತಳು.

"ಹೂ ಡಿಡ್ ದಿಸ್ ಪಾ?"

"ನಾನೇ ಕಣಮ್ಮ. ಕತ್ತಿ ಐತಲ್ಲ, ಅದ್ಕೆ ಪೂಜೆ ಮಾಡ್ದೆ."

ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಸೋಪು ಹಚ್ಚಿದಳು. ಗಂಧ ಹೋಯಿತು, ಕುಂಕುಮದ ಕೆಂಪು ಹೋಗಲಿಲ್ಲ. ಪ್ಲಾಸ್ಟಿಕ್ಕಿನ ಒಳಗೇ ಇಳಿದುಬಿಟ್ಟಿದೆ. ಹಣೆಯ ಮೇಲೆ ಕಾಸಿನಗಲ ಕಲೆ, ಬಿಳಿ ಕತ್ತಿ ಅರ್ಧ ಗುಲಾಬಿ. ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು. "ಇಟ್ಸ್ ಓಕೆ ಪಾ, ವಿಡು" ಎಂದು ಬಾಗಿಲು ಹಾಕಿಕೊಂಡಳು.

"ಬೇಕಾದ್ರೆ ನನ್ನ ಒಗ್ಗರಣೆ ಸೌಟಿಗೂ ಇಡ್ರಿ, ಬೇಡ ಅನ್ನಲ್ಲ. ಅವಳ ಸಾಮಾನು ಮುಟ್ಟೋಕೆ ಯಾಕ್ ಹೋದ್ರಿ?" ಎಂದಳು ಹರ್ಷಿಣಿ. ಆಮೇಲೆ ಗೊತ್ತಾಯಿತು, ಅದನ್ನು ಎಂಟು ತಿಂಗಳು ಕಾದು ಜಪಾನಿನಿಂದ ತರಿಸಿಕೊಂಡದ್ದಂತೆ. ನವೆಂಬರ್ ಒಂಬತ್ತಕ್ಕೆ ಇಂಥ ಬೊಂಬೆ ಕೂಡಿಡುವವರ ಪ್ರದರ್ಶನ ಇದೆ. ಮೊದಲ ಸಲ ತೇಜುವಿಗೆ ಅಲ್ಲಿ ಒಂದು ಟೇಬಲ್ ಕೊಟ್ಟಿದ್ದರು. ಬರುವುದಿಲ್ಲ ಎಂದು ಅವಳು ಮೆಸೇಜ್ ಕಳಿಸಿಯಾಗಿದೆ.

೫ ಅಕ್ಟೋಬರ್, ಭಾನುವಾರ

ಮೂರು ದಿನದಿಂದ ಮಗಳ ಬಾಯಲ್ಲಿ ಎರಡೇ ಮಾತು, "ಓಕೆ ಪಾ", ಇಲ್ಲವೇ ಬೇಡ ಎನ್ನಲು "ವೇಣಾಂ ಪಾ". ಮೊದಲೂ ಅಷ್ಟಕ್ಕಷ್ಟೆ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಕೋಪ ಬಂದರೆ ಇಂಗ್ಲಿಷ್. ತುರುವೇಕೆರೆ ಕಡೆಯವಳು ಎಂದರೆ ಯಾರೂ ನಂಬುವುದಿಲ್ಲ. ಈಗ ಆ ಮಾತೂ ನಿಂತಿದೆ.

ಆದರೆ ಇವತ್ತು ದೇವರು ಕಣ್ಣು ಬಿಟ್ಟ. ಹರ್ಷಿಣಿಯ ಜೊತೆ ಪುರಸೈವಾಕ್ಕಂಗೆ ಹೋಗಿದ್ದೆ. ಅವಳು ರವಿಕೆ ಬಟ್ಟೆ ಆರಿಸುವಷ್ಟರಲ್ಲಿ ಎದುರಿನ ಗಿಫ್ಟ್ ಅಂಗಡಿಯಲ್ಲಿ ಕಂಡಿತು. ಅದೇ ಬೊಂಬೆ, ಅದೇ ಡಬ್ಬ, ಅದೇ ಚಿತ್ರ. ಇದಕ್ಕೆ ಜಪಾನಿಗೆ ಬರೆದು ಎಂಟು ತಿಂಗಳು ಕಾಯಬೇಕಿತ್ತೇ? ಮನೆಗೆ ಬಂದು ಸದ್ದಿಲ್ಲದೆ ಕಪಾಟಿನಲ್ಲಿ ಇಟ್ಟೆ. ಕಲೆಯಾದದ್ದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಸಲಕರಣೆಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ತಲೆನೋವು ಕಳೆಯಿತು.

೬ ಅಕ್ಟೋಬರ್, ಸೋಮವಾರ

ಒಂದು ನಿಮಿಷವೂ ಹಿಡಿಯಲಿಲ್ಲ.

"ಇದು ಡೂಪ್ಲಿಕೇಟ್ ಪಾ. ಎನ್ನೋಡದು ಎಂಗೆ?" ಎಂದು ತನ್ನದನ್ನು ಕೇಳಿದಳು. ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ನಕಲಿ ಎಂದು ಹೇಗೆ ಹೇಳ್ತೀಯ ಎಂದು ಕೇಳಿದ್ದಕ್ಕೆ, "ಪಾತ್ತಾಲೇ ತೆರಿಯುಂ ಪಾ" ಎಂದಳು. ನೋಡಿದರೇ ಗೊತ್ತಾಗುತ್ತದಂತೆ.

ನನಗೆ ಸಿಟ್ಟು ಬಂತು. ಇಪ್ಪತ್ತಮೂರು ವರ್ಷ ತಪಾಸಣೆ ಮಾಡಿದ ಈ ಕಾಂತಪ್ಪನಿಗೆ ಕಾಣದ್ದು ಒಂಬತ್ತನೇ ಕ್ಲಾಸಿನ ಹುಡುಗಿಗೆ ಕಾಣುತ್ತದೆಯೇ? ನಕಲಿಯನ್ನು ಮೇಜಿನ ಮೇಲಿಟ್ಟುಕೊಂಡು ಅರ್ಧ ಗಂಟೆ ದಿಟ್ಟಿಸಿದೆ. ಏನೂ ಕಾಣಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

೮ ಅಕ್ಟೋಬರ್, ಬುಧವಾರ

ಸಿಕ್ಕಿತು.

ಕಾರ್ಖಾನೆಯಿಂದ ಮಿಲಿಮೀಟರಿನ ಚೂರನ್ನೂ ಅಳೆಯುವ ದೊಡ್ಡ ವರ್ನಿಯರನ್ನೂ ಮಸೂರವನ್ನೂ ಕೇಳಿ ತಂದೆ. ತೇಜು ಟ್ಯೂಷನ್ನಿಗೆ ಹೋದಾಗ, ಹರ್ಷಿಣಿಯ ಕಾವಲಿನಲ್ಲಿ, ಅವಳ ಬೊಂಬೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಕತ್ತಿ, ಅಸಲಿಯದು ನೂರಹದಿನೆಂಟು ಮಿಲಿಮೀಟರ್. ನಕಲಿಯದು ನೂರಹದಿನೈದೂವರೆ. ಮೊಣಕೈ, ತಲೆಯ ಅಗಲ, ಪಾದ, ಎಲ್ಲವೂ ನೂರಕ್ಕೆ ಎರಡರಷ್ಟು ಕಡಿಮೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದಿದ್ದರೆ ಕೈತಪ್ಪು ಎನ್ನಬಹುದಿತ್ತು. ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಕಡಿಮೆ ಎಂದರೆ ಕಾರಣವೂ ಒಂದೇ. ಅಸಲಿ ಬೊಂಬೆಯನ್ನೇ ಅದ್ದಿ ಅಚ್ಚು ತೆಗೆದಿದ್ದಾರೆ. ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ, ಅದಕ್ಕಾಗಿ ಅಚ್ಚನ್ನು ಕೊಂಚ ದೊಡ್ಡದು ಮಾಡಬೇಕು. ಆ ಕಳ್ಳರಿಗೆ ಅದು ಗೊತ್ತಿಲ್ಲ, ನನಗೆ ಗೊತ್ತು. ಒಬ್ಬನೇ ಜೋರಾಗಿ ನಕ್ಕೆ. ಹರ್ಷಿಣಿ ಬಾಗಿಲಿಂದಲೇ, "ಪೇಟೆಂಟ್ ಮಾಡ್ಸಿ" ಎಂದಳು.

೧೨ ಅಕ್ಟೋಬರ್, ಭಾನುವಾರ

ಅಳತೆಯ ಹಾಳೆಯನ್ನು ತೇಜುವಿನ ಬಾಗಿಲ ಸಂದಿಯಲ್ಲಿ ತೂರಿಸಿ ನಾಲ್ಕು ದಿನವಾಗಿತ್ತು. ಇವತ್ತು ಬಾಗಿಲು ತೆರೆಯಿತು.

"ಸೈಜ್ ಓಕೆ ಪಾ. ಆದ್ರೆ ಕಣ್ಣ ಪಾರು." ನನ್ನ ಮಸೂರವನ್ನು ಕಿತ್ತುಕೊಂಡು ತೋರಿಸಿದಳು. ಅಸಲಿಯ ಕಣ್ಣಿನಲ್ಲಿ ಐದು ಬಣ್ಣ ಒಂದರ ಮೇಲೊಂದು ಅಚ್ಚಾಗಿವೆ, ಅಂಚು ಕೂದಲೆಳೆಯಷ್ಟು ಚೂಪು. ನಕಲಿಯ ಎಡಗಣ್ಣು ಎಲ್ಲೋ ನೋಡುತ್ತಿದೆ, ಬಲಗಣ್ಣು ಇನ್ನೆಲ್ಲೋ. ಕೂದಲ ತುದಿ ಮೊಂಡು. ನಿಲುವಂಗಿಯ ಮಡಿಕೆಯಲ್ಲಿ ನೆರಳಿನ ಬಣ್ಣವೇ ಇಲ್ಲ. ಕೊನೆಗೆ ಮೂಸು ಎಂದಳು. ಮೂಸಿದೆ. ಸೈಕಲ್ ಅಂಗಡಿಯ ವಾಸನೆ.

"ಇಷ್ಟೆಲ್ಲ ಒಂದೇ ನಿಮಿಷಕ್ಕೆ ಕಂಡ್ಯಾ?"

"ಎಂಟ್ ತಿಂಗಳು ಫೋಟೋ ನೋಡ್ಕೊಂಡೇ ಇದ್ದೇನ್ ಪಾ."

ಅವಳ ಕಣ್ಣು ನನಗಿಂತ ಚುರುಕು. ಒಪ್ಪಿಕೊಳ್ಳುವುದು ಕಷ್ಟ, ಆದರೆ ಇಲ್ಲಿ ಬರೆದರೆ ಯಾರು ಓದುತ್ತಾರೆ.

೧೫ ಅಕ್ಟೋಬರ್, ಬುಧವಾರ

ಆ ಪ್ರದರ್ಶನ ನಡೆಸುವವರು ನಮ್ಮ ಕಟ್ಟಡದ ಮೊದಲ ಮಹಡಿಯ ಸುಜಯೀಂದ್ರ ಅವರೇ. ಮೂರು ತಲೆಮಾರಿನಿಂದ ಮದ್ರಾಸಿನವರು, ಆಡಿಟ್ ಕಚೇರಿಯಲ್ಲಿ ಕೆಲಸ. ಮನೆಯ ಒಂದು ಗೋಡೆ ತುಂಬ ಗಾಜಿನ ಕಪಾಟು, ಅದರ ತುಂಬ ಬೊಂಬೆ. ಮುಜುಗರ ಬಿಟ್ಟು ಎರಡನ್ನೂ ಹಿಡಿದು ಹೋದೆ, ತೇಜುವೂ ಹಿಂದೆಯೇ ಬಂದಳು.

"ಪರವಾಯಿಲ್ಲೆ ಸಾರ್, ಒಂದು ತಡವೆ ಎಲ್ಲಾರೂ ಏಮಾರ್ತಾರೆ. ನಾನೇ ಆರು ಡೂಪ್ಲಿಕೇಟ್ ವಾಂಗಿದೀನಿ" ಎಂದರು, ಅವರೂ ಆರು ನಕಲಿ ಕೊಂಡು ಮೋಸಹೋದವರಂತೆ. ಕಲೆ ನೋಡಿ ತಲೆ ಅಲ್ಲಾಡಿಸಿದರು. ಮೊಡವೆಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಒಂದು ಮುಲಾಮು ಇದೆಯಂತೆ. ಕಲೆಗೆ ಹಚ್ಚಿ ಬಿಸಿಲಿನಲ್ಲಿಟ್ಟರೆ ಬಣ್ಣವನ್ನು ಎಳೆದುಹಾಕುತ್ತದೆ. "ಆನಾ ಡೇಂಜರ್ ಸಾರ್. ಜಾಸ್ತಿ ಆದ್ರೆ ಕಲೆ ಜೊತೆ ಪೇಂಟೂ ಪೋಯೇಪೋಚು."

ತೇಜುವಿನ ಮುಖ ಬಾಡಿತು. ಬೇಡ ಎಂದಳು. ಆಗ ನನಗೆ ಹೊಳೆಯಿತು. ನಮ್ಮಲ್ಲಿ ಯಂತ್ರ ಹೊಂದಿಸುವಾಗ ಒಳ್ಳೆಯ ಮಾಲನ್ನು ಹಾಕುವುದಿಲ್ಲ. ಮೊದಲು ಒಂದು ಸೆಟ್ಟಿಂಗ್ ಪೀಸ್ ಹಾಕಿ, ಅದು ಕೆಟ್ಟರೂ ಚಿಂತೆಯಿಲ್ಲ ಎಂದು ಅದರ ಮೇಲೆ ಎಲ್ಲ ಪ್ರಯೋಗ ಮಾಡುತ್ತೇವೆ. ನಮ್ಮ ಹತ್ತಿರ ಅಂಥದ್ದು ಒಂದು ಇದೆಯಲ್ಲ ಎಂದೆ.

ಇಬ್ಬರೂ ಒಟ್ಟಿಗೇ ನಕಲಿಯ ಕಡೆ ನೋಡಿದರು. ಸುಜಯೀಂದ್ರ, "ತೇಜು, ನಿನ್ನ ಹೆಸರು ನಾ ತೆಗೆದಿಲ್ಲೆ. ಏಳನೇ ತಾರೀಕುವರೆಗೂ ಟೇಬಲ್ ಹಾಗೇ ಇರ್ತದೆ" ಎಂದರು.

೧೯ ಅಕ್ಟೋಬರ್, ಭಾನುವಾರ

ನಾಳೆ ದೀಪಾವಳಿ. ಹರ್ಷಿಣಿ ಚಕ್ಕುಲಿ ಒತ್ತುತ್ತಿದ್ದರೆ ನಾವಿಬ್ಬರೂ ನಕಲಿ ಬೊಂಬೆಗೆ ಆಯುಧ ಪೂಜೆ ಮಾಡಿದೆವು. ಪ್ರಯೋಗ ಸರಿಯಾಗಬೇಕಾದರೆ ಕಲೆಯೂ ಅದೇ ಆಗಬೇಕು. ಅದೇ ಗಂಧ, ಅದೇ ಕುಂಕುಮ, ಹಣೆಗೊಂದು, ಕತ್ತಿಗೆ ಮೂರು. ತೇಜು ಬೊಟ್ಟಿಡುತ್ತಾ, "ಮಂತ್ರ ಹೇಳಲ್ವಾ ಪಾ? ಅದಿಲ್ದೆ ರಿಸಲ್ಟ್ ತಪ್ಪಾಯಿಡುಂ" ಎಂದಳು. ಹೇಳಿದೆ. ನಾಳೆ ಬೆಳಿಗ್ಗೆಯವರೆಗೆ ಹಾಗೇ ಬಿಡಬೇಕು.

೨೪ ಅಕ್ಟೋಬರ್, ಶುಕ್ರವಾರ

ಮಳೆ. ಕಲೆ ಸಿದ್ಧ, ಮುಲಾಮು ಸಿದ್ಧ, ಬಿಸಿಲಿಲ್ಲ.

ಸೊರಾಮೆ ಯಾರು ಎಂದು ಕೇಳಿದ್ದಕ್ಕೆ ತೇಜು ಸರಣಿಯ ಮೊದಲ ಕಂತು ಹಾಕಿ ತೋರಿಸಿದಳು. ಬೆಟ್ಟದ ಕಣಿವೆಯೊಂದನ್ನು ಒಬ್ಬಳೇ ಕಾಯುವ ಹುಡುಗಿ. ಕತ್ತಿ ಬಿಸಿಲಿಗೆ ಕರಗುತ್ತದೆ, ಹಾಗಾಗಿ ತೀರಾ ಬೇಕಾದಾಗ ಮಾತ್ರ ಒರೆಯಿಂದ ತೆಗೆಯುತ್ತಾಳೆ. ಕೆಟ್ಟದ್ದೇನಿಲ್ಲ.

೨೮ ಅಕ್ಟೋಬರ್, ಮಂಗಳವಾರ

ಮಳೆ. ಹನ್ನೊಂದನೇ ಕಂತಿಗೆ ಬಂದಿದ್ದೇನೆ, ರೈಲಿನಲ್ಲಿ ನೋಡುತ್ತೇನೆ. ಇವತ್ತು ಸೈದಾಪೇಟೆಯಲ್ಲಿ ರೈಲು ಹತ್ತು ನಿಮಿಷ ನಿಂತದ್ದು ಗೊತ್ತೇ ಆಗಲಿಲ್ಲ. ಸೊರಾಮೆಯ ಗುರು ಮಾಡಿದ್ದು ತಪ್ಪು ಎಂದು ನಾನು, ಸರಿ ಎಂದು ತೇಜು. ಊಟದ ತಟ್ಟೆ ಒಣಗುವವರೆಗೆ ವಾದ ಮಾಡಿದೆವು. "ಗುರು ಹಂಗ್ ಮಾಡ್ದೇ ಇದ್ರೆ ಅವಳು ಕಣಿವೆ ಬಿಟ್ಟು ಓಡೋಗ್ತಿದ್ಳು ಅಪ್ಪ, ನೀನು ಪೂರ್ತಿ ನೋಡ್ದೆ ಮಾತಾಡ್ಬೇಡ" ಎಂದು ಎದ್ದು ಹೋದಳು. ಪೂರ್ತಿ ನೋಡಿ ಮಾತಾಡುತ್ತೇನೆ.

೩೧ ಅಕ್ಟೋಬರ್, ಶುಕ್ರವಾರ

ಬಿಸಿಲು. ರಜೆ ಹಾಕಿದೆ. ತೇಜುವೂ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ. ಹರ್ಷಿಣಿಗೆ ಎರಡೂ ಗೊತ್ತು.

ತಾರಸಿಯ ಮೇಲೆ ನಕಲಿಯನ್ನು ನಿಲ್ಲಿಸಿ, ಕಲೆಯ ಮೇಲೆ ಮಾತ್ರ ಮುಲಾಮು ಹಚ್ಚಿ, ಮಿಕ್ಕದ್ದಕ್ಕೆಲ್ಲ ಅಂಟುಪಟ್ಟಿ ಸುತ್ತಿದೆವು. ಸುಜಯೀಂದ್ರರ ತಾಯಿ ಗೋದಾಬಾಯಿ ಸಂಡಿಗೆ ಒಣಹಾಕಲು ಬಂದವರು ಬಗ್ಗಿ ನೋಡಿ, "ಏನಪ್ಪಾ, ಬೊಂಬೆಗೂ ಮೊಡವೆ ಬಂದುಬಿಡ್ತಾ?" ಎಂದರು. ಕಾಗೆ ಓಡಿಸುವ ಕೆಲಸ ನಮಗೇ ವಹಿಸಿದರು, ಸಂಡಿಗೆಗೂ ಸೊರಾಮೆಗೂ ಸೇರಿಸಿ.

ಎರಡು ಗಂಟೆಗೊಮ್ಮೆ ಒರೆಸಿ ನೋಡಿದೆವು. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ತೇಜು, "ಅಪ್ಪ, ಇಲ್ ನೋಡು, ಅಂಚಲ್ಲಿ ಕಮ್ಮಿ ಆಗೈತೆ" ಎಂದಳು. ಮಸೂರ ಹಿಡಿದೆ. ಆಗಿತ್ತು. ಸಂಜೆಗೆ ಹಣೆ ಸ್ವಚ್ಛ. ಇಬ್ಬರೂ ಸುಟ್ಟು ಕರಿಯಾಗಿ ಕೆಳಗೆ ಇಳಿದೆವು.

೨ ನವೆಂಬರ್, ಭಾನುವಾರ

ನಕಲಿಯ ಕತ್ತಿಯೂ ಪೂರ್ತಿ ಬೆಳ್ಳಗಾಯಿತು. ಮುಲಾಮು ಹಚ್ಚಿ ಬಿಸಿಲಿಗಿಟ್ಟು ಒರೆಸಿದರೆ ಒಂದು ಸುತ್ತು, ಅಂಥ ಮೂರು ಸಾಕಾಯಿತು. ಗಡಿ ಎಲ್ಲಿದೆ ಎಂದು ತಿಳಿಯಲು ಬೇಕೆಂದೇ ನಾಲ್ಕನೇ ಸುತ್ತು ಮಾಡಿದೆವು. ಕತ್ತಿಯ ಹಿಡಿಯ ಹತ್ತಿರ ನೀಲಿ ಬಣ್ಣ ತೆಳುವಾಗಿದೆ, ಮಸೂರದಲ್ಲಿ ಮಾತ್ರ ಕಾಣುವಷ್ಟು. ಹಾಗಾದರೆ ಮೂರಕ್ಕೆ ನಿಲ್ಲಿಸಬೇಕು. ತೇಜು ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿದ್ದಾಳೆ, ಹೊತ್ತು, ಬಿಸಿಲು, ಸುತ್ತು. ನಮ್ಮ ಕಾರ್ಖಾನೆಯಲ್ಲಿ ಯಾರೂ ಇಷ್ಟು ಅಂದವಾಗಿ ದಾಖಲೆ ಇಡುವುದಿಲ್ಲ.

ನಾಳೆಯಿಂದ ಅಸಲಿ. ಹೊಸ ಯಂತ್ರದಿಂದ ಮೊದಲ ಮಾಲು ಹೊರಬರುವಾಗಲೂ ನನ್ನ ಕೈ ಹೀಗೆ ಬೆವರಿರಲಿಲ್ಲ.

೬ ನವೆಂಬರ್, ಗುರುವಾರ

ಹಣೆ ಗೆದ್ದೆವು. ಕಲೆ ಇತ್ತೆಂದರೆ ಹೆತ್ತ ಕಂಪನಿಯೂ ನಂಬುವುದಿಲ್ಲ.

ಕತ್ತಿ ಮಾತ್ರ ಸತಾಯಿಸಿತು. ನಕಲಿಯ ಕತ್ತಿ ಗಟ್ಟಿ ಬಿಳಿ ಪ್ಲಾಸ್ಟಿಕ್ಕು, ಕೆಂಪು ಮೇಲುಮೇಲಕ್ಕೇ ನಿಂತಿತ್ತು. ಅಸಲಿಯದು ಬೆಳಕು ಹಾಯುವ ಮೆತ್ತನೆಯ ಮಾಲು, ಒಳಗಿನವರೆಗೆ ಕುಡಿದುಬಿಟ್ಟಿದೆ. ಮೂರು ಸುತ್ತಾದ ಮೇಲೂ ಬುಡದಲ್ಲಿ ತಿಳಿಯಾದ ಗುಲಾಬಿ ಉಳಿದಿದೆ. ನಾನು ಮುಲಾಮಿನ ಟ್ಯೂಬಿಗೆ ಕೈ ಹಾಕಿದೆ. ಇನ್ನೊಂದೇ ಸುತ್ತು, ಹೋದರೂ ಹೋಗಬಹುದು. ನಾನು ಕೆಡಿಸಿದ್ದನ್ನು ನಾನೇ ಪೂರ್ತಿ ಸರಿಮಾಡಬೇಕಿತ್ತು.

ತೇಜು ಟ್ಯೂಬನ್ನು ಕಿತ್ತುಕೊಂಡಳು. "ಸಾಕು ಅಪ್ಪ. ಪುಸ್ತಕದಲ್ಲಿ ಮೂರು ಅಂತ ನಾವೇ ಬರ್ದಿದೀವಿ. ನೀನೇ ಹೇಳ್ತೀಯಲ್ಲ, ಅಷ್ಟಿಷ್ಟು ತಪ್ಪು ಟಾಲರೆನ್ಸ್ ಒಳಗಿದ್ರೆ ಪಾಸ್ ಅಂತ. ಇದು ಪಾಸ್."

"ಜನ ನೋಡಿ ನಗ್ತಾರೆ ಕಣಮ್ಮ."

"ನಗ್ಲಿ. ನನ್ ತಲೇಲಿ ಒಂದು ಪ್ಲಾನ್ ಐತೆ." ಆಮೇಲೆ ಫೋನ್ ತೆಗೆದು ಸುಜಯೀಂದ್ರರಿಗೆ ಬರುತ್ತೇನೆ ಎಂದು ಮೆಸೇಜ್ ಹಾಕಿದಳು. ಪ್ಲಾನ್ ಏನೆಂದು ನನಗೆ ಹೇಳಲಿಲ್ಲ. ನಾಡಿದ್ದಿನ ಮಾರನೆಯ ದಿನ ವರ್ನಿಯರ್ ಜೊತೆ ಬಾ ಎಂದಷ್ಟೇ ಅಪ್ಪಣೆ.

೯ ನವೆಂಬರ್, ಭಾನುವಾರ

ಇವತ್ತಿನದು ಬರೆಯಲೇಬೇಕು, ಒಂದನ್ನೂ ಬಿಡದೆ.

ಟಿ. ನಗರದ ಒಂದು ಮದುವೆ ಮಂಟಪ. ನಲವತ್ತು ಟೇಬಲ್. ಒಬ್ಬೊಬ್ಬರದೂ ಇಪ್ಪತ್ತು, ಮೂವತ್ತು ಬೊಂಬೆ, ಬಣ್ಣಬಣ್ಣದ ದೀಪ, ತಿರುಗುವ ಪೀಠ. ನಮ್ಮ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡೇ ಬೊಂಬೆ. ಎರಡೂ ಸೊರಾಮೆ. ಎರಡರ ನಡುವೆ ತೇಜು ಬರೆದ ಹಲಗೆ, "ಇವರಲ್ಲಿ ಅಸಲಿ ಯಾರು? ಮುಟ್ಟದೆ ಹೇಳಿ." ಮುಂದೆ ನಮ್ಮ ಮನೆಯ ಎರಡು ಸ್ಟೀಲ್ ಡಬ್ಬ, ಚೀಟಿ ಹಾಕಲು. ಬಂದವರೆಲ್ಲ ಬಗ್ಗಿ ನೋಡುವುದು, ಗುಲಾಬಿ ಬುಡದ ಕತ್ತಿ ಕಂಡು ಮುಗುಳ್ನಗುವುದು, ಚೀಟಿ ಹಾಕುವುದು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮುಂದೆ ಇದ್ದಷ್ಟು ಜನ ಬೇರೆಲ್ಲೂ ಇರಲಿಲ್ಲ.

ಹೈದರಾಬಾದಿನಿಂದ ತೀರ್ಪುಗಾರರು ಬಂದಿದ್ದರು. ಉದ್ದ ಗಡ್ಡ, ಹಿಂದೆ ಕ್ಯಾಮೆರಾ ಹಿಡಿದ ಇಬ್ಬರು. ಅವರು ನಿಂತ ಕಡೆಯಿಂದಲೇ ಗುಲಾಬಿ ಕತ್ತಿಯವಳತ್ತ ಬೆರಳು ಮಾಡಿ, ಇದು ನಕಲಿ, ಕಲೆಯೇ ಹೇಳುತ್ತದೆ, ಸ್ವಲ್ಪ ಕಷ್ಟದ ಪ್ರಶ್ನೆ ಕೊಡಬಾರದಿತ್ತೇ ಎಂದು ಇಂಗ್ಲಿಷಿನಲ್ಲಿ ನಕ್ಕರು. ಸುತ್ತಲಿದ್ದವರೂ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ತೇಜು ಡಬ್ಬ ಬಗ್ಗಿಸಿ ಎಣಿಸಿದಳು. ಎಪ್ಪತ್ತು ಚೀಟಿ, ಐವತ್ತೆಂಟು ಜನ ತೀರ್ಪುಗಾರರ ಕಡೆ. ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಒಂದು ಕಡೆಯೂ ತಡವರಿಸದೆ ಹೇಳಿದಳು: ಐವತ್ತೆಂಟು ಜನಕ್ಕೂ ಕಲೆ ಕಂಡಿತು, ಬೊಂಬೆ ಕಾಣಲಿಲ್ಲ. ಈಗ ಕಣ್ಣು ನೋಡಿ. ಕೂದಲ ತುದಿ ನೋಡಿ. ನಿಲುವಂಗಿಯ ಮಡಿಕೆ ನೋಡಿ. ಮಸೂರ ಕೈಯಿಂದ ಕೈಗೆ ಹೋಯಿತು. ತೀರ್ಪುಗಾರರು ಮಂಡಿಯೂರಿ ಕುಳಿತು ನೋಡಿದರು, ನಗು ನಿಂತಿತ್ತು. "ಅಪ್ಪ, ಈಗ ಅಳತೆ ತೋರ್ಸು" ಎಂದಳು. ಎಲ್ಲರೆದುರು ಕತ್ತಿಗೆ ವರ್ನಿಯರ್ ಹಿಡಿದೆ. ನೂರಹದಿನೆಂಟು. ನೂರಹದಿನೈದೂವರೆ. ಪ್ಲಾಸ್ಟಿಕ್ ಕುಗ್ಗುವ ಕಥೆಯನ್ನು ನನ್ನ ಹರಕು ತಮಿಳಿನಲ್ಲಿ ನಾನೇ ವಿವರಿಸಿದೆ, ಜನ ಬಾಯಿ ತೆರೆದು ಕೇಳಿದರು.

ತೀರ್ಪುಗಾರರು ಎದ್ದು ನಿಂತು ತೇಜುವಿನ ಕೈ ಕುಲುಕಿದರು. "ಹಾಗಾದರೆ ಅಸಲಿಗೆ ಈ ಕಲೆ ಹೇಗೆ ಬಂತು?" ಎಂದು ಕೇಳಿದರು. ನಾನು ಬ್ಯಾಗಿನಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ.

"ಅದು ಆಯುಧ ಪೂಜೆ ಕುಂಕುಮ. ನಮ್ಮಪ್ಪ ಇಟ್ಟಿದ್ದು" ಎಂದಳು ತೇಜು, ನನ್ನ ಹೆಗಲ ಮೇಲೆ ಕೈ ಹಾಕಿ. ಇಡೀ ಮಂಟಪವೇ ನಕ್ಕು ಚಪ್ಪಾಳೆ ತಟ್ಟಿತು. ನಮ್ಮಮ್ಮ ಕೀಬೋರ್ಡಿಗೆ ಇಟ್ಟಳು ಎಂದ ಒಬ್ಬ. ನಮ್ಮ ತಾತ ಡ್ರೋನಿಗೆ ನಿಂಬೆಹಣ್ಣು ಕಟ್ಟಿದರು ಎಂದ ಇನ್ನೊಬ್ಬ. ಪ್ರದರ್ಶನದ ಅತ್ಯುತ್ತಮ ಟೇಬಲ್ ಎಂದು ನಮ್ಮದನ್ನೇ ಕೂಗಿದರು. ಸುಜಯೀಂದ್ರ ಸಿಳ್ಳೆ ಹೊಡೆದರು, ಹರ್ಷಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋಟೋ ತೆಗೆದದ್ದೇ ತೆಗೆದದ್ದು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಅಳತೆಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಆಮೇಲೆ ಶುರುವಾಯಿತು ಸಾಲು. ತಮ್ಮ ತಮ್ಮ ಬೊಂಬೆ ಹಿಡಿದು ಜನ ನಿಂತರು, ನಮ್ಮದು ಅಸಲಿಯೇ ನೋಡಿ ಹೇಳಿ ಎಂದು. ಕಣ್ಣು, ಬಣ್ಣ ತೇಜುವಿನ ಪಾಲು. ಅಳತೆ ನನ್ನ ಪಾಲು. ಊಟ ಮರೆತೇಹೋಯಿತು.

ನಾಲ್ಕು ಗಂಟೆಯ ಸುಮಾರಿಗೆ ಒಬ್ಬ ಹೆಂಗಸು ಬಂದರು, ನನ್ನ ವಯಸ್ಸಿನವರೇ. ಕೈಯಲ್ಲಿ ಇನ್ನೂ ಒಡೆಯದ ಡಬ್ಬ. ನಾಳೆ ಮಗಳ ಹುಟ್ಟಿದ ಹಬ್ಬ, ಈ ಬೊಂಬೆಗಾಗಿ ಮೂರು ಕಡೆ ಅಲೆದೆ, ಸರಿಯಾದದ್ದೇ ಅಲ್ಲವೇ ಎಂದು ಕೇಳಿದರು. ಡಬ್ಬದ ಮುಂದಿನ ಪ್ಲಾಸ್ಟಿಕ್ ಪರದೆಯೊಳಗಿಂದಲೇ ಗೊತ್ತಾಯಿತು. ಅದರ ಎರಡು ಕಣ್ಣೂ ಎರಡು ದಿಕ್ಕಿಗೆ ನೋಡುತ್ತಿದ್ದವು. ನಾನು ಹೇಳುವುದು ಹೇಗೆಂದು ಒದ್ದಾಡುತ್ತಿದ್ದೆ. ತೇಜು ಡಬ್ಬವನ್ನು ನೋಡಲಿಲ್ಲ, ಆಕೆಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ ಹೇಳಿದಳು.

"ಇದು ಡೂಪ್ಲಿಕೇಟ್ ಆಂಟಿ. ಆದರೂ ನಾಳೆ ಇದನ್ನೇ ಕೊಡಿ. ಕೊಡುವಾಗಲೇ ಡೂಪ್ಲಿಕೇಟ್ ಎಂದು ಹೇಳಿಬಿಡಿ. ಆಮೇಲೆ ಇಬ್ಬರೂ ಜೊತೆಗೆ ಕೂತು ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕಿ. ಒಂದು ತಿಂಗಳು ತುಂಬಾ ಚೆನ್ನಾಗಿ ಹೋಗುತ್ತದೆ."

ಆಕೆ ಡಬ್ಬವನ್ನು ಎದೆಗವಚಿಕೊಂಡು ನಗುತ್ತಾ ಹೋದರು. ನನಗೆ ವರ್ನಿಯರಿನ ಅಂಕಿಗಳು ಒಂದೂ ಕಾಣದಾದವು.

"ಅಪ್ಪ, ಮುಂದಿನವ್ರು ಕಾಯ್ತಾವ್ರೆ. ಅಳತೆ ತಗೋ" ಎಂದಳು ತೇಜು. ಕಣ್ಣು ಒರೆಸಿಕೊಂಡು ತಗೊಂಡೆ.